ಗೆರೆಯಿಂದ ಒಂದು ಬೆರಳು ಆಚೆ

ಗೆರೆಯ ಮೇಲೇ ಕತ್ತರಿ ಓಡಿಸುವವನು ಬಟ್ಟೆಗೂ ಶತ್ರು, ಗಿರಾಕಿಗೂ ಶತ್ರು ಎನ್ನುತ್ತಿದ್ದರು ನಮ್ಮಪ್ಪ. ಗೆರೆಯಿಂದ ಒಂದು ಬೆರಳು ಆಚೆ ಕತ್ತರಿಸಬೇಕು, ಆ ಮಾರ್ಜಿನ್ನನ್ನು ಒಳಕ್ಕೆ ಮಡಚಿ ಹೊಲಿಯಬೇಕು. ನಾಳೆ ಗಿರಾಕಿ ದಪ್ಪಗಾದರೆ ಬಿಚ್ಚಿ ಅಗಲ ಮಾಡಲು ಅದೇ ಗತಿ. ಈ ಪಾಠ ನನ್ನ ಕೈಗೆ ಎಷ್ಟು ಅಂಟಿತ್ತೆಂದರೆ, ಹುಡುಗಿಯಾಗಿದ್ದಾಗ ದಿನಪತ್ರಿಕೆಯ ಚಿತ್ರಕಥೆ ‘ನಕ್ಷೆಗಾರ’ನನ್ನೂ ಹಾಗೆಯೇ ಕತ್ತರಿಸಿದೆ. ಗೋಂದು ಹಚ್ಚಲಿಲ್ಲ, ಹಚ್ಚಿದರೆ ಜಿರಲೆ ಬರುತ್ತದೆ. ಮಾರ್ಜಿನ್ನನ್ನು ಹಿಂದಕ್ಕೆ ಮಡಚಿ, ಕೋಟಿನ ಒಳಪದರಕ್ಕೆಂದು ತಂದು ಉಳಿದ ಬಟ್ಟೆಯ ಮೇಲೆ ಉದ್ದುದ್ದ ಹೊಲಿಗೆ ಹಾಕಿ ಸುರುಳಿ ಸುತ್ತಿಟ್ಟೆ.

ನಕ್ಷೆಗಾರ ಎಂದರೆ ನನ್ನ ವಯಸ್ಸಿನವರಿಗೆ ವಿವರಣೆ ಬೇಡ. ದಿನಕ್ಕೆ ಮೂರೇ ಚೌಕ, ಸುತ್ತಲೂ ಕಪ್ಪು ಗೆರೆ. ಯಾರೂ ಕಾಲಿಡದ ಕಾಡು, ಮರಳುಗಾಡು, ದ್ವೀಪಗಳಿಗೆ ಹೋಗಿ ನಕ್ಷೆ ಬರೆಯುವ ಒಬ್ಬ ಮನುಷ್ಯ, ಅವನಿಗೆ ಜೊತೆಯಾಗಿ ಒಂದೇ ಕಿವಿಯ ಹೇಸರಗತ್ತೆ. ಮೂರನೆಯ ಚೌಕದಲ್ಲಿ ಅವನು ಹಗ್ಗದ ಸೇತುವೆಯಿಂದ ಜಾರಿದರೆ ನಮ್ಮ ಬೀದಿಯ ಅರ್ಧ ಜನಕ್ಕೆ ಅಂದು ಊಟ ರುಚಿಸುತ್ತಿರಲಿಲ್ಲ. ಮೇಲ್ಗಡೆ ದಪ್ಪಕ್ಷರದಲ್ಲಿ ಪತ್ರಿಕೆಯ ಸಂಪಾದಕರ ಹೆಸರು. ಕಥೆಯೂ ಅವರದೇ, ಚಿತ್ರವೂ ಅವರದೇ ಎಂದು ಎಲ್ಲರೂ ನಂಬಿದ್ದೆವು.

ಇಂಥ ಚಿತ್ರಕಥೆಗಳನ್ನು ಕೂಡಿಡುವ ಹುಚ್ಚರದೊಂದು ಸಂಘವಿದೆ. ಭಾನುವಾರ ಮಧ್ಯಾಹ್ನ, ಪುಸ್ತಕ ಬಾಡಿಗೆಗೆ ಕೊಡುವ ಅಂಗಡಿಯ ಮಹಡಿಯಲ್ಲಿ ಸೇರುತ್ತೇವೆ. ಅಧ್ಯಕ್ಷರು ಹಲ್ಲಿನ ಡಾಕ್ಟರು. ಕಪ್ಪು ಗೆರೆಯ ಮೇಲೆ ಸರಿಯಾಗಿ, ಕೂದಲೆಳೆಯಷ್ಟೂ ಬಿಳಿ ಉಳಿಯದಂತೆ ಪತ್ರಿಕೆ ಕತ್ತರಿಸುವ ಕೈ ಅವರದು. ಸಂಘದ ನಿಯಮವೇ ಅದು. ಅಂಚು ಉಳಿದರೆ ಅದು ‘ಹಸಿ ತುಂಡು’, ಆಲ್ಬಮ್ಮಿಗೆ ಸೇರಿಸುವಂತಿಲ್ಲ. ನನ್ನ ಬಟ್ಟೆಯ ಸುರುಳಿ ನೋಡಿದ ದಿನ ಡಾಕ್ಟರು, “ಏನಮ್ಮಾ, ನಕ್ಷೆಗಾರನಿಗೆ ಲಂಗ ಹೊಲಿಸಿದೀಯಾ?” ಎಂದು ಎಲ್ಲರನ್ನೂ ನಗಿಸಿದ್ದರು. ನಾನೂ ನಕ್ಕೆ, ಆದರೆ ಮರೆಯಲಿಲ್ಲ.

ಈ ವರ್ಷ ಅದೇ ಲಂಗ ಅವರಿಗೆ ಬೇಕಾಯಿತು. ನಕ್ಷೆಗಾರನ ಸಾಹಸಗಳೆಲ್ಲ ಒಂದೇ ಪುಸ್ತಕವಾಗಿ ಬರುವುದಿತ್ತು. ಸಂಪಾದಕರು ತೀರಿಹೋಗಿ ಬಹಳ ವರ್ಷವಾಗಿತ್ತು, ಅವರ ಮಗ ಅಚ್ಚು ಹಾಕಿಸುತ್ತಿದ್ದರು. ಪತ್ರಿಕೆಯ ಕಚೇರಿಯಲ್ಲಿದ್ದ ಹಳೆಯ ಸಂಚಿಕೆಗಳು ರದ್ದಿಗೆ ಹೋಗಿದ್ದವು. ಸಂಘದವರ ಆಲ್ಬಮ್ಮುಗಳಲ್ಲಿ ಎಲ್ಲವೂ ಇತ್ತು, ಕೊನೆಯ ಸಾಹಸ ಒಂದನ್ನು ಬಿಟ್ಟು. ಅದಕ್ಕೆ ಕಾರಣ ಸೋಪು. ಆ ಸಾಹಸ ಬರುತ್ತಿದ್ದಾಗ ಹಾಳೆಯ ಹಿಂಬದಿಯಲ್ಲಿ, ಚಿತ್ರಕಥೆಯ ಬೆನ್ನಿಗೇ, ಸೋಪಿನ ಕೂಪನ್ ಅಚ್ಚಾಗುತ್ತಿತ್ತು. ಮನೆಮನೆಯ ತಾಯಂದಿರು ನಕ್ಷೆಗಾರನ ಹೊಟ್ಟೆ ಕೊಯ್ದು ಕೂಪನ್ ತೆಗೆದಿದ್ದರು. ಡಾಕ್ಟರ ತಾಯಿಯೂ ಬಿಟ್ಟಿರಲಿಲ್ಲ. ನಮ್ಮಮ್ಮ ಮಾತ್ರ ನನ್ನೊಡನೆ ಜಗಳವಾಡಿ ಸೋತವಳು. ಹೀಗಾಗಿ ಆ ಕೊನೆಯ ಸಾಹಸ ಉಳಿದಿದ್ದದ್ದು ನನ್ನ ಸುರುಳಿಯಲ್ಲಷ್ಟೆ. ಕೊಡುತ್ತೇನೆ ಎಂದು ಒಪ್ಪಿಯೂ ಇದ್ದೆ.

ಅಷ್ಟರಲ್ಲಿ ಮಸಿಯಣ್ಣ ನನ್ನ ಹೊಲಿಗೆ ಅಂಗಡಿಗೆ ಬಂದರು, ಸವೆದ ಕೋಟಿನ ಕಾಲರ್ ತಿರುವಿ ಹೊಲಿಸಲು. ಎಂಬತ್ತು ದಾಟಿದ ಮನುಷ್ಯ. ಮುದ್ರಣಾಲಯದಲ್ಲಿದ್ದಾಗ ಅಂಟಿದ ಹೆಸರಂತೆ, ಈಗ ಅವರನ್ನು ಬೇರೆ ಹೆಸರಿನಿಂದ ಕರೆಯುವವರೇ ಇಲ್ಲವಂತೆ. ಕೋಟು ಬಿಚ್ಚಿಕೊಟ್ಟು ಕಾಯುತ್ತ ಕುಳಿತವರು ಮೇಜಿನ ಮೇಲಿದ್ದ ಸೀಮೆಸುಣ್ಣ ಎತ್ತಿಕೊಂಡು, ಹರಡಿದ್ದ ಕಪ್ಪು ಬಟ್ಟೆಯ ಮೇಲೆ ಏನೋ ಗೀಚತೊಡಗಿದರು. ಗಿರಾಕಿಯ ಬಟ್ಟೆ! ಗದರಲೆಂದು ತೆರೆದ ಬಾಯಿ ತೆರೆದೇ ಉಳಿಯಿತು. ಒಂದೇ ಕಿವಿಯ ಹೇಸರಗತ್ತೆ ನನ್ನನ್ನೇ ನೋಡುತ್ತಿತ್ತು. ಆ ಕಿವಿಯ ಬಾಗು, ಆ ಸೋಮಾರಿ ಕಣ್ಣು ನಕಲು ಮಾಡುವವರ ಕೈಗೆ ಒಗ್ಗುವಂಥದ್ದಲ್ಲ.

“ಇದನ್ನ ಎಲ್ಲಿ ಕಲಿತ್ರಿ?” ಎಂದೆ.

“ಕಲಿಯೋದೇನು ಬಂತಮ್ಮಾ? ಇದನ್ನ ಹೆತ್ತವನೇ ನಾನು.”

ಮೂಲೆಯಲ್ಲಿ ಗುಂಡಿ ಹಚ್ಚುತ್ತಿದ್ದ ಅಮ್ಮ ತಲೆ ಎತ್ತಿದಳು. “ಹೆತ್ತವರು ಇಷ್ಟು ದಿನ ಎಲ್ಲಿ ಹೋಗಿದ್ರಿ? ನಿಮ್ಮ ಕತ್ತೆಯಿಂದ ನನಗೆ ಬಿಟ್ಟಿ ಸೋಪು ತಪ್ಪಿಹೋಯ್ತು.”

ಮಸಿಯಣ್ಣ ಜೋರಾಗಿ ನಕ್ಕರು. ಆಮೇಲೆ ನಗು ನಿಲ್ಲಿಸಿ ಹೇಳಿದರು. ಸಂಪಾದಕರು ಕೊಟ್ಟದ್ದು ಹೆಸರೊಂದೇ, ಅದೂ ತಮ್ಮದೇ ಹೆಸರು. ಕಥೆ, ಚಿತ್ರ, ಮಾತು ಎಲ್ಲ ಮಸಿಯಣ್ಣನದು. ಚೌಕಟ್ಟಿನೊಳಗೆ ನಿನ್ನ ಸಹಿ ಕಂಡರೆ ಕೆಲಸದಿಂದ ಕಿತ್ತು ಹಾಕುತ್ತೇನೆ ಎಂದಿದ್ದರಂತೆ. ಸರಿ, ಒಳಗಲ್ಲವೇ ಬೇಡ ಎಂದದ್ದು? ಇವರು ದಿನವೂ ಗೆರೆಯ ಹೊರಗೆ, ಮೂರನೆಯ ಚೌಕದ ಕೆಳಗೆ, ಇರುವೆಯಷ್ಟು ಅಕ್ಷರದಲ್ಲಿ ‘ಮಸಿಯಣ್ಣ’ ಎಂದು ಬರೆದರು. ಅದು ಅಚ್ಚೂ ಆಯಿತು, ಯಾರ ಕಣ್ಣಿಗೂ ಬೀಳಲಿಲ್ಲ. ಕೊನೆಗೊಂದು ದಿನ ಸಂಪಾದಕರ ಕಣ್ಣಿಗೆ ಬಿತ್ತು. ಅಂದಿನ ಚಿತ್ರ ಅಚ್ಚೊತ್ತುವ ಲೋಹದ ಪಡಿಯಚ್ಚಿನಿಂದ ಹೆಸರನ್ನು ಕೆರೆಸಿ, ಇವರನ್ನು ಮನೆಗೆ ಕಳಿಸಿದರು. ನಕ್ಷೆಗಾರ ಬೆಟ್ಟದ ತುದಿಯಲ್ಲಿ ಖಾಲಿ ಆಕಾಶ ನೋಡುತ್ತ ನಿಂತಲ್ಲಿಗೇ ಕಥೆ ನಿಂತಿತು. ಎಂಥ ಗಂಭೀರ ಮುಕ್ತಾಯ ಎಂದು ನಮ್ಮ ಸಂಘದಲ್ಲಿ ಭಾಷಣಗಳೇ ಆಗಿವೆ!

“ಪುಸ್ತಕ ಬರ್ತಿದೆ, ಗೊತ್ತಾ? ಮುಂದಿನ ವಾರ ಅಚ್ಚಿಗೆ ಹೋಗುತ್ತೆ,” ಎಂದೆ.

“ಗೊತ್ತು. ಹೋಗಿ ಕೇಳಿದ್ದೂ ಆಯ್ತು. ಪುರಾವೆ ತನ್ನಿ ಅಂದ್ರು ಮಗರಾಯ್ರು. ಎಲ್ಲಿಂದ ತರಲಿ? ಕಣ್ಣು ಮುಚ್ಚೋದ್ರೊಳಗೆ ಆ ಕತ್ತೆ ಪಕ್ಕದಲ್ಲಿ ನನ್ನ ಹೆಸರು ನೋಡಬೇಕು ಅಂತಿತ್ತು, ಅಷ್ಟೆ.”

ಆ ‘ಅಷ್ಟೆ’ ಕೇಳಿ ನನ್ನ ಮೈ ಉರಿಯಿತು. ಮಾರ್ಜಿನ್! ನನ್ನ ಸುರುಳಿಯ ತುಂಬ ಮಡಚಿಟ್ಟ ಮಾರ್ಜಿನ್ನೇ ಇತ್ತಲ್ಲ! ಅಲ್ಲೇ ಬಿಚ್ಚಿ ನೋಡಬಹುದಿತ್ತು. ಕೈ ತುರಿಸಿದರೂ ಬಿಚ್ಚಲಿಲ್ಲ. ನೀನೇ ಬರೆದು ತಂದಿದ್ದೀಯ ಎನ್ನುವ ನಾಲಗೆಗಳು ನನಗೆ ಗೊತ್ತು. ಹೆಸರು ಇರಲಿ, ಇಲ್ಲದಿರಲಿ, ಹೊಲಿಗೆ ಬಿಚ್ಚುವುದು ಸಂಘದವರ ಕಣ್ಣೆದುರೇ ಆಗಬೇಕಿತ್ತು.

ಭಾನುವಾರ ಮಸಿಯಣ್ಣನನ್ನು ಕೈಹಿಡಿದು ಮಹಡಿ ಹತ್ತಿಸಿದೆ. ಡಾಕ್ಟರು, ಸಂಪಾದಕರ ಮಗ, ಸಂಘದವರೆಲ್ಲ ಸೇರಿದ್ದರು. ಮೇಜಿನ ಮೇಲೆ ಪುಸ್ತಕದ ರಕ್ಷಾಪುಟ, ಅದರ ಮೇಲೆ ಸಂಪಾದಕರ ಭಾವಚಿತ್ರ ಮತ್ತು ಹೆಸರು. ನಾನು ವಿಷಯ ಹೇಳಿದೆ. ಡಾಕ್ಟರು ತಮ್ಮ ಆಲ್ಬಮ್ ತೆರೆದು ಪುಟದ ಮೇಲೆ ಪುಟ ತಿರುವಿದರು.

“ಎಲ್ಲಮ್ಮಾ ಹೆಸರು? ಗೆರೆಯ ಕೆಳಗೆ ಏನೂ ಇಲ್ವಲ್ಲ.”

“ಕೆಳಗೆ ಏನಾದ್ರೂ ಉಳಿಸಿದ್ರೆ ತಾನೇ ಇರೋದು ಡಾಕ್ಟ್ರೇ? ನೀಟಾಗಿ ಕತ್ತರಿಸಿ ಕಸದ ಬುಟ್ಟಿಗೆ ಹಾಕಿದ್ರಿ.”

ಯಾರೋ ಕೆಮ್ಮಿದರು. ನಾನು ಸುರುಳಿ ಹಾಸಿ ಬ್ಲೇಡು ತೆಗೆದೆ. ಒಂದು ಹೊಲಿಗೆ, ಇನ್ನೊಂದು ಹೊಲಿಗೆ. ಹಳೆಯ ಪತ್ರಿಕೆಯ ಮಡಿಕೆ ಬಿಡಿಸುವುದೆಂದರೆ ಹಪ್ಪಳ ಬಿಡಿಸಿದ ಹಾಗೆ. ಒದ್ದೆ ಬಟ್ಟೆ ಹತ್ತಿರ ಹಿಡಿದು ಮೆತ್ತಗೆ ಮಾಡಿ, ಉಗುರಿನಿಂದ ಮಾರ್ಜಿನ್ನನ್ನು ಹೊರಕ್ಕೆ ತಿರುಗಿಸಿದೆ. ಇತ್ತು. ಮೂರನೆಯ ಚೌಕದ ಕೆಳಗೆ ‘ಮಸಿಯಣ್ಣ’ ಎಂದು ಇತ್ತು. ಮುಂದಿನದರಲ್ಲೂ ಇತ್ತು. ಡಾಕ್ಟರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

“ಯಾರಾದ್ರೂ ಕೆಲಸಗಾರ ಬರೆದಿರಬಹುದು ಬಿಡಿ. ನಮ್ಮ ತಂದೆ ಕದ್ದರು ಅನ್ನಬೇಡಿ,” ಎಂದರು ಸಂಪಾದಕರ ಮಗ.

“ಕದ್ದರು ಅಂತ ನಾನಿನ್ನೂ ಅಂದೇ ಇಲ್ಲ,” ಎಂದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಕಥೆಯಲ್ಲಷ್ಟೇ ಇರುವುದಿಲ್ಲ.

ಡಾಕ್ಟರು ಹಾವೂ ಸಾಯದ, ಕೋಲೂ ಮುರಿಯದ ದಾರಿ ಹುಡುಕಿದರು. “ಕೊನೇ ಪುಟದಲ್ಲಿ ‘ಸಹಕಾರ’ ಅಂತ ಇವರ ಹೆಸರು ಹಾಕೋಣ. ಹಿರಿಯರು, ಅವರಿಗೂ ತೃಪ್ತಿ. ಕೊನೇ ಸಾಹಸದ ತುಂಡುಗಳನ್ನ ಕೊಡಮ್ಮ, ಗೆರೆಗೆ ಸರಿಯಾಗಿ ಕತ್ತರಿಸಿ ಅಚ್ಚಿಗೆ ಕಳಿಸ್ತೀನಿ.”

ಮಸಿಯಣ್ಣ ನನ್ನ ತೋಳು ಮುಟ್ಟಿದರು. “ಅಷ್ಟಾದ್ರೂ ಸಿಕ್ತಲ್ಲಮ್ಮಾ. ಸಾಕು, ಕೊಟ್ಟುಬಿಡು.”

ನನಗೆ ಅಳುವೂ ಬಂತು, ಸಿಟ್ಟೂ ಬಂತು. ಮತ್ತೆ ಗೆರೆಗೆ ಸರಿಯಾಗಿ ಕತ್ತರಿಸುತ್ತಾರಂತೆ! ಈ ಮನುಷ್ಯನ ಹೆಸರನ್ನು ಒಬ್ಬ ಕೆರೆಸಿದ, ಉಳಿದವರು ಪ್ರೀತಿಯಿಂದಲೇ ಕತ್ತರಿಸಿ ಎಸೆದರು, ಈಗ ಇವರು ಇನ್ನೊಮ್ಮೆ ಕತ್ತರಿಸಿ ‘ಸಹಕಾರ’ ಎಂದು ಅಂಟಿಸುತ್ತಾರೆ. ಮಸಿಯಣ್ಣ ಸಾಕು ಎಂದರೆ ನನಗೆ ಸಾಕಾಗಬೇಕೇ?

ಸುರುಳಿಯ ತುದಿಯಲ್ಲಿದ್ದ ಕೊನೆಯ ತುಂಡಿನ ಹೊಲಿಗೆ ಬಿಚ್ಚಿದೆ. ಮಾರ್ಜಿನ್ನಿನಲ್ಲಿ ಹೆಸರಿರಲಿಲ್ಲ, ಕೆರೆದ ಪಡಿಯಚ್ಚಿನ ಬೂದು ಗೀರು ಮಾತ್ರ ಇತ್ತು. ಮೇಲೆ ಬೆಟ್ಟ, ನಕ್ಷೆಗಾರ, ಕತ್ತೆ, ಖಾಲಿ ಆಕಾಶ. ಆ ದಿನದ ಚಿತ್ರ ಬೇರೆ ಯಾರ ಬಳಿಯೂ ಇಲ್ಲವೆಂದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಹಾಜರಿ ಹಾಕಲೆಂದು ಮೇಜಿನ ಮೇಲಿಟ್ಟಿದ್ದ ಡಾಕ್ಟರ ಮಸಿ ಪೆನ್ನನ್ನು ಎತ್ತಿ ಮಸಿಯಣ್ಣನ ಕೈಗಿಟ್ಟೆ.

“ಇಲ್ಲಿ ಬರೀರಿ. ಗೆರೆಯ ಒಳಗೆ.”

“ಏಯ್! ಹುಚ್ಚು ಹಿಡಿದಿದೆಯಾ ನಿನಗೆ? ಇರೋದೊಂದೇ ಪ್ರತಿ ಅದು!” ಡಾಕ್ಟರು ಕುರ್ಚಿ ಬೀಳಿಸಿಕೊಂಡು ಎದ್ದರು. ಕೂಡಿಡುವವರಿಗೆ ಮೂಲ ಪ್ರತಿಯ ಮೇಲೆ ಮಸಿ ಬಿದ್ದರೆ ಮಗುವಿಗೆ ಬರೆ ಎಳೆದಷ್ಟೇ ನೋವು. ನನಗೂ ಹಾಗೆಯೇ. ಆದರೂ ಮೇಜಿಗೂ ಅವರಿಗೂ ನಡುವೆ ಅಡ್ಡ ನಿಂತೆ.

“ಒಂದೇ ಇರೋದು ಅಂತ ಗೊತ್ತಿದ್ದೇ ಕೊಟ್ಟೆ ಡಾಕ್ಟ್ರೇ. ಅಚ್ಚು ಹಾಕೋದಾದ್ರೆ ಇದನ್ನೇ ಹಾಕಬೇಕು. ಬೇಡವಾದ್ರೆ ಕೊನೆ ಇಲ್ಲದ ಪುಸ್ತಕ ಮಾರ್ಕೊಳ್ಳಿ.”

ಮಸಿಯಣ್ಣ ಪೆನ್ನನ್ನು ಬೆಳಕಿಗೆ ಹಿಡಿದು ಮೊನೆ ನೋಡಿದರು. ನನ್ನನ್ನು ನೋಡಿದರು. ಆಮೇಲೆ ಬಗ್ಗಿದರು. ನಕ್ಷೆಗಾರ ಇಷ್ಟು ವರ್ಷ ದಿಟ್ಟಿಸುತ್ತಿದ್ದ ಖಾಲಿ ಆಕಾಶದ ನಡುವೆ, ಬೆಟ್ಟದ ಈ ತುದಿಯಿಂದ ಆ ತುದಿಯವರೆಗೆ ತಮ್ಮ ಹೆಸರನ್ನು ಬರೆದರು. ಈ ಸಲ ಅದು ಇರುವೆಯಷ್ಟು ಇರಲಿಲ್ಲ.

“ಸ್ವಲ್ಪ ದೊಡ್ಡದಾಯ್ತೇನಮ್ಮಾ?” ಎಂದು ಕೇಳಿದರು.

ಡಾಕ್ಟರು ಹಸಿ ಮಸಿ ಹೀರುವ ಒತ್ತುಕಾಗದಕ್ಕೆಂದು ಕೈಚಾಚಿದರು. ನಾನು ಸುರುಳಿಯ ಮೇಲೆ, ಆ ತುಂಡಿನ ಎರಡೂ ಬದಿಗೆ ಕೈ ಊರಿ ನಿಂತೆ.

“ಒಣಗೋವರೆಗೆ,” ಎಂದೆ, “ಇದನ್ನ ಯಾರೂ ಮುಟ್ಟಬಾರದು.”