ದ್ಯಾಮವ್ವನ ಎಣ್ಣೆ ಹಲಗೆ

ನಾನು ಒಂದು ಬೇವಿನ ಹಲಗೆ. ಇಳಕಲ್ಲಿನ ನೇಕಾರರ ಓಣಿಯಲ್ಲಿ ಬಾಣಂತಿಯರಿಗೆ ಎಣ್ಣೆ ತಿಕ್ಕಿ ನೀರು ಹಾಕುತ್ತಿದ್ದ ದ್ಯಾಮವ್ವನಿಗಾಗಿ ಬಡಿಗೇರ ಮಾನಪ್ಪ ನನ್ನನ್ನು ಮಾಡಿದ. ತಲೆಯಿಂದ ಸೊಂಟದವರೆಗೆ ಒಬ್ಬ ಹೆಣ್ಣುಮಗಳು ಒರಗುವಷ್ಟು ಉದ್ದ, ಕೆಳಗೆ ಗೇಣುದ್ದದ ಕಾಲುಗಳು. ಆತ ಅಂಚುಗಳನ್ನು ಎಷ್ಟು ಉಜ್ಜಿದರೂ ದ್ಯಾಮವ್ವನಿಗೆ ಸಮಾಧಾನವಿರಲಿಲ್ಲ.

"ಹಸೀ ಮೈಯವರು ಮಲಗ್ತಾರೋ ಮಾನಪ್ಪಾ, ಇನ್ನಷ್ಟು ಉಜ್ಜು," ಎಂದು ಅಲ್ಲೇ ಕೂತುಬಿಟ್ಟಳು.

ಬೆಳಗಾದರೆ ನನ್ನನ್ನು ತಲೆಯ ಮೇಲೆ ಹೊತ್ತು ಮನೆಯಿಂದ ಮನೆಗೆ ಹೋಗುವಳು. ಬಚ್ಚಲಲ್ಲಿ ನನ್ನನ್ನಿಟ್ಟು, ಬಾಣಂತಿಯನ್ನು ಮಲಗಿಸಿ, ಬಿಸಿ ಎಣ್ಣೆಯನ್ನು ಅಂಗೈಗೆ ಸುರುವಿಕೊಳ್ಳುವಳು. ನನಗೆ ಮುಖಗಳ ಗುರುತು ಕಡಿಮೆ, ಬೆನ್ನುಗಳ ಗುರುತು ಹೆಚ್ಚು. ಮೊದಮೊದಲು ಎಲ್ಲರೂ ಮೈಯನ್ನು ಎತ್ತಿಹಿಡಿದೇ ಮಲಗುತ್ತಿದ್ದರು. ಅವರ ಭುಜ ನನಗೆ ತಾಗುತ್ತಲೇ ಇರಲಿಲ್ಲ. ದ್ಯಾಮವ್ವನ ಹೆಬ್ಬೆರಳು ಕುತ್ತಿಗೆಯಿಂದ ಕೆಳಗಿಳಿಯುತ್ತಿದ್ದಂತೆ ಉಸಿರು ಉದ್ದವಾಗುತ್ತಿತ್ತು. ಕಚ್ಚಿಹಿಡಿದ ದವಡೆ ಸಡಿಲಾಗುತ್ತಿತ್ತು. ಕಣ್ಣಿಗೆ ಜೊಂಪು ಹತ್ತುವಾಗ ಕಾಲೊಂದು ತಟ್ಟನೆ ಅದುರುತ್ತಿತ್ತು. ಹೊಟ್ಟೆ ಗುಳುಗುಳು ಎಂದರೆ ಎಳೆಯ ಬಾಣಂತಿಯರು ನಾಚಿಕೊಳ್ಳುವರು.

"ನಾಚಬ್ಯಾಡವ್ವಾ. ಹೊಟ್ಟಿ ಮಾತಾಡಾಕತ್ತೈತಿ ಅಂದ್ರ ಮೈಗೆ ಧೈರ್ಯ ಬಂದೈತಿ," ಎಂದು ದ್ಯಾಮವ್ವ ನಗುವಳು.

ಆಮೇಲೆ ಮೈಯ ಭಾರವೆಲ್ಲ ನನ್ನ ಮೇಲೆ ಇಳಿಯುತ್ತಿತ್ತು. ನಾನು ಕಾಯುತ್ತಿದ್ದದ್ದು ಆ ಭಾರಕ್ಕೆ. ಕೆಲವರು ಕಾರಣವಿಲ್ಲದೆ ಅಳುತ್ತಿದ್ದರು. ಯಾಕೆಂದು ದ್ಯಾಮವ್ವ ಒಬ್ಬರನ್ನೂ ಕೇಳಲಿಲ್ಲ.

ಆ ಓಣಿಯಲ್ಲೇ ನಿಂಬೆವ್ವ ಎಂಬ ಸೊಸೆಯಿದ್ದಳು. ಚೊಚ್ಚಲ ಹೆರಿಗೆಯಲ್ಲಿ ಅವಳ ಕೂಸು ಹುಟ್ಟುತ್ತಲೇ ತೀರಿಕೊಂಡಿತು. ಯಾರೂ ಕರೆಯದಿದ್ದರೂ ದ್ಯಾಮವ್ವ ನನ್ನನ್ನು ಹೊತ್ತು ಅವಳ ಮನೆಗೆ ಹೋದಳು. ನಿಂಬೆವ್ವನ ಅತ್ತೆ ಬಾಗಿಲಲ್ಲೇ ತಡೆದಳು.

"ಕೂಸ ಇಲ್ಲದಾಕಿಗೆ ಎಂಥಾ ಎಣ್ಣಿ-ನೀರು? ನೋಡಿದವರು ಏನಂದಾರು?"

"ಕೂಸು ಹೋತು ಯಕ್ಕಾ. ಹಡದ ಮೈ ಇಲ್ಲೇ ಐತಲ್ಲ?"

ಅತ್ತೆ ಪಕ್ಕಕ್ಕೆ ಸರಿದಳು.

ಹೆರಿಗೆಯಾದಾಗಿನಿಂದ ನಿಂಬೆವ್ವ ಅತ್ತಿರಲಿಲ್ಲ, ಮಾತೂ ಆಡಿರಲಿಲ್ಲ. ಹಾಲು ಕಟ್ಟಿ ಎದೆ ಕಲ್ಲಾಗಿತ್ತು, ಮೈ ಕಾದಿತ್ತು. ಮುಷ್ಟಿ ಬಿಗಿಹಿಡಿದು ನನ್ನ ಮೇಲೆ ಮತ್ತೊಂದು ಹಲಗೆಯಂತೆ ಮಲಗಿದಳು. ಅಂದು ಏನೂ ಆಗಲಿಲ್ಲ, ಮರುದಿನವೂ ಆಗಲಿಲ್ಲ. ದ್ಯಾಮವ್ವ ಅವಳ ಮುಷ್ಟಿಯನ್ನು ಬಿಡಿಸಲು ಹೋಗಲಿಲ್ಲ. ಎಣ್ಣೆ ತಿಕ್ಕಿಯಾದ ಮೇಲೆ ಅದನ್ನು ತನ್ನ ಎರಡೂ ಅಂಗೈಯಲ್ಲಿ ಹಿಡಿದು ಸುಮ್ಮನೆ ಕೂರುತ್ತಿದ್ದಳು.

ಒಂದು ಬೆಳಿಗ್ಗೆ ನಿಂಬೆವ್ವನ ಹೊಟ್ಟೆ ಸಣ್ಣಗೆ ಗುಳುಗುಟ್ಟಿತು. ಸೊಂಟದಿಂದ ನಡುಕವೊಂದು ಮೇಲೇರಿತು. ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು. ಎಂದಿನಿಂದಲೋ ತಡೆದಿಟ್ಟಿದ್ದ ಉಸಿರು ಹೊರಬಿತ್ತು. ಅದರ ಹಿಂದೆಯೇ ಎದೆಯಿಂದ ಹಾಲು ಇಳಿಯಿತು. ಪಕ್ಕೆಗಳ ಮೇಲೆ ಹರಿದು, ಎಣ್ಣೆಯೊಂದಿಗೆ ಬೆರೆತು, ಬೆಚ್ಚಗೆ ನನ್ನ ಮೇಲೆ ತೊಟ್ಟಿಕ್ಕಿತು.

ನಿಂಬೆವ್ವ ಅದನ್ನು ನೋಡಿದಳು.

"ಆಯಿ, ಯಾರಿಗೆ ಬಂತಿದು? ಇದನ್ನ ಯಾರು ಕುಡೀಬೇಕು?"

ಆ ಕೂಗಿಗೆ ಪಡಸಾಲೆಯಲ್ಲಿ ಅವಳ ಗಂಡನ ಮಗ್ಗದ ಸದ್ದು ನಿಂತುಹೋಯಿತು. ದ್ಯಾಮವ್ವ ನಿಂಬೆವ್ವನ ತಲೆಯನ್ನೆತ್ತಿ ತೊಡೆಯ ಮೇಲಿಟ್ಟುಕೊಂಡಳು. ಬಿಸಿನೀರು ತಂದ ಅತ್ತೆ ಕೊಡವನ್ನು ಕೆಳಗಿಟ್ಟು, ಸೊಸೆಯ ಕಾಲ ಬಳಿ ಕುಸಿದು, ಅಳುತ್ತಲೇ ಅವಳ ಅಂಗಾಲು ತಿಕ್ಕತೊಡಗಿದಳು.

ಮೈ ಸಡಿಲಾದರೆ ಸುಖವೇ ಸಿಗುತ್ತದೆ ಎಂದು ನಾನು ಅಲ್ಲಿಯವರೆಗೆ ನಂಬಿದ್ದೆ. ದುಃಖಕ್ಕೂ ಅದೇ ಬಾಗಿಲೆಂದು ಅಂದು ತಿಳಿಯಿತು. ನಿಂಬೆವ್ವನ ಜ್ವರ ಇಳಿಯಿತು. ಆ ಮಧ್ಯಾಹ್ನ ಅವಳು ನಿದ್ದೆ ಮಾಡಿದಳು. ಮುಂದೆ ಅವಳಿಗೆ ಮಕ್ಕಳಾಗಲಿಲ್ಲ.

ವರ್ಷಗಳು ಕಳೆದವು. ದ್ಯಾಮವ್ವನ ಮೊಣಕಾಲು ಹಿಡಿದುಕೊಂಡವು, ಕರೆಯುವ ಮನೆಗಳೂ ಕಡಿಮೆಯಾದವು. ಒಂದು ದಿನ ಬೆಳಕು ಹರಿದರೂ ಅವಳು ಏಳಲಿಲ್ಲ. ಓಣಿಯ ಹೆಂಗಸರು ಕೊನೆಯ ಸ್ನಾನಕ್ಕೆಂದು ಅವಳನ್ನು ನನ್ನ ಮೇಲೆ ಮಲಗಿಸಿದರು. ಅಷ್ಟು ವರ್ಷ ನನ್ನನ್ನು ಹೊತ್ತವಳು ಒಮ್ಮೆಯೂ ನನ್ನ ಮೇಲೆ ಒರಗಿರಲಿಲ್ಲ. ದ್ಯಾಮವ್ವನ ಸೊಸೆ ರತ್ನವ್ವ ಬಿಸಿನೀರು ಸುರುವಿದಳು. ರೂಢಿಯಂತೆ ನಾನು ಕಾದೆ: ಉಸಿರು ಉದ್ದವಾಗಲೆಂದು, ಕಾಲು ಒಮ್ಮೆ ಅದುರಲೆಂದು. ಯಾವುದೂ ಆಗಲಿಲ್ಲ. ಅವಳ ಭಾರವೆಲ್ಲ ಮಲಗಿಸಿದ ಗಳಿಗೆಯಲ್ಲೇ ಬಂದುಬಿಟ್ಟಿತ್ತು.

"ಹೆಣಾ ತೊಳದ ಹಲಗಿ. ಇನ್ನ ಬಾಣಂತ್ಯಾರಿಗೆ ಬ್ಯಾಡ," ಎಂದು ರತ್ನವ್ವ ನನ್ನನ್ನು ಹಿತ್ತಲ ಗೋಡೆಗೆ ಆನಿಸಿಟ್ಟಳು.

ಅಂದಿನಿಂದ ಇಲ್ಲೇ ಇದ್ದೇನೆ. ಎಣ್ಣೆ ಕಾಣದೆ ಮೈ ಬಿರಿದಿದೆ. ಯಾರ ಮೇಲೂ ನನಗೆ ಸಿಟ್ಟಿಲ್ಲ. ಓಣಿಯಲ್ಲಿ ಎಲ್ಲಾದರೂ ಎಳೆಗೂಸು ಅತ್ತರೆ, ಅದನ್ನು ಹಡೆದವಳ ಬೆನ್ನು ಈಗ ಎಲ್ಲಿ ಒರಗಿದೆಯೋ ಎಂದು ಯೋಚಿಸುತ್ತೇನೆ.