ನಾಳೆ ಹೋಗೋಣ

ಕಾಲರ್ ಹೊಲಿದು ತಲೆಯೆತ್ತುವಷ್ಟರಲ್ಲಿ ಅತ್ತೆ ಕುರ್ಚಿಯಲ್ಲಿರಲಿಲ್ಲ. ಮನೆಯ ಮುಂದಿನ ಕೋಣೆಯಲ್ಲೇ ಯಂತ್ರವಿಟ್ಟುಕೊಂಡು ಬೀದಿಯವರ ಬಟ್ಟೆ ಹೊಲಿಯುತ್ತಿದ್ದ ಆ ದರ್ಜಿ ಹೆಂಗಸಿಗೆ ಇದೇನೂ ಹೊಸದಲ್ಲ. ಮರೆವು ಶುರುವಾದ ಮೇಲೆ ಅತ್ತೆ ಆಗಾಗ "ನಮ್ಮನೆಗೆ ಹೋಗ್ತೀನಿ" ಎಂದು ಎದ್ದುಬಿಡುತ್ತಿದ್ದರು. ಇದೇ ನಿಮ್ಮನೆ ಎಂದರೆ ಮೂಗಿನ ತುದಿಗೆ ಸಿಟ್ಟು. ಆದರೂ ಬಸ್ ಸ್ಟಾಪಿನಲ್ಲೋ ಅಂಗಡಿಯ ಮುಂದೋ ಸಿಗುತ್ತಿದ್ದರು. ಅವತ್ತು ಎಲ್ಲೂ ಸಿಗಲಿಲ್ಲ.

ಗಂಡ ಲಾರಿ ತೆಗೆದುಕೊಂಡು ದೂರ ಹೋಗಿದ್ದ. ಬೀದಿಯವರೆಲ್ಲ ಹುಡುಕಿದರು. ಕೊನೆಗೆ ದಿನಸಿ ಅಂಗಡಿಯವನು ಬೀದಿ ಮುಗಿಯುವಲ್ಲಿದ್ದ ಗೋಡೆಯ ಕಡೆ ನೋಡಿ ಹೇಳಿದ, "ಅಲ್ಲಿಗೇ ಹೋಗಿರ್ಬೇಕು. ಕಿವೀಲಿ ಚಿನ್ನ ಬೇರೆ ಇತ್ತಲ್ಲ?"

ಗೋಡೆಯಾಚೆ ಹಳೆಯ ಗೋದಾಮು. ಯುದ್ಧಕ್ಕೆ ಹೆದರಿ ಮನೆಮಠ ಬಿಟ್ಟು ಗಡಿ ದಾಟಿ ಬಂದ ಸಂಸಾರಗಳನ್ನು ಸರ್ಕಾರ ಅಲ್ಲಿ ಇಳಿಸಿತ್ತು. ನಡುವೆ ಒಂದು ಸಣ್ಣ ಗೇಟು. ಬೀದಿಯವರು ಯಾರೂ ಅದನ್ನು ದಾಟಿರಲಿಲ್ಲ, ಅವಳೂ. ಅವತ್ತು ದಾಟಿದಳು.

ಒಳಗೆ ಪ್ಲೈವುಡ್ ಹಲಗೆಗಳಿಂದ ಅಡ್ಡಗೋಡೆ ಕಟ್ಟಿಕೊಂಡಿದ್ದರು. ಮೂರನೆಯ ಗೂಡಿನಲ್ಲಿ ಅತ್ತೆ ಚಾಪೆಯ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದರು. ಓಲೆ ಕಿವಿಯಲ್ಲೇ ಇತ್ತು. ಪಕ್ಕದಲ್ಲಿ ಇನ್ನೊಬ್ಬ ಮುದುಕಿ ತನ್ನ ಭಾಷೆಯಲ್ಲಿ ಏನೋ ಹೇಳುತ್ತಿದ್ದಳು. ಒಂದಕ್ಷರ ತಿಳಿಯದಿದ್ದರೂ ಅತ್ತೆ, "ಹೌದು ಮತ್ತೆ, ನಾನೂ ಅದನ್ನೇ ಹೇಳಿದ್ದು" ಎನ್ನುತ್ತಿದ್ದರು.

ಆ ಮುದುಕಿಯ ಸೊಸೆಗೆ ಇಲ್ಲಿನ ಮಾತು ಅಷ್ಟಿಷ್ಟು ಬರುತ್ತಿತ್ತು. "ಬೆಳಿಗ್ಗೆ ಬಂದ್ರು. ಮನೆ ಎಲ್ಲಿ ಅಂದೆ, ಹೇಳಲಿಲ್ಲ. ಅಂಗಡಿಗೆ ಹೋಗಿ ಕೇಳೋಣ ಅಂದ್ರೆ, ಅಂಗಡಿಯವರು ಬಾಗಿಲು ಹಾಕ್ಕೊಂಡ್ರು."

"ಏಳಿ ಅತ್ತೆ, ಮನೆಗೆ ಹೋಗೋಣ."

"ನಾನು ಬರಲ್ಲಮ್ಮ. ಇವರು ನಾಳೆ ಹೋಗೋಣ ಅಂದಿದಾರೆ."

ಗೋದಾಮಿನ ಸೊಸೆ ನಕ್ಕಳು. "ನಮ್ಮತ್ತೆಗೆ ನಿಮ್ಮ ಭಾಷೆ ಅಷ್ಟೇ ಬರೋದು. ಕಚೇರೀಲಿ ದಿನಾ 'ನಾಳೆ ಬಾ' ಅಂತಾರಲ್ಲ, ನಾಳೆ ಅನ್ನೋದು ಅಲ್ಲಿ ಕಲ್ತಿದ್ದು. ನಾಳೆ ಊರಿಗೆ ಹೋಗೋಣ ಅಂತ ಗಂಟು ಕಟ್ಟಿ ಇಟ್ಟಿದಾರೆ."

"ನೀನೇನಂತೀಯ?"

"ಹೂಂ ಅಂತೀನಿ. ಆಗ ಊಟ ಮಾಡ್ತಾರೆ."

ದರ್ಜಿ ಇಷ್ಟು ದಿನ ಅತ್ತೆಯ ಜೊತೆ ಜಗಳವಾಡಿದ್ದು ಇದೇ ಮಾತಿಗೆ.

ಅತ್ತೆಯನ್ನು ಹೇಗೋ ಒಪ್ಪಿಸಿ ಮನೆಗೆ ಕರೆತಂದು, ಮರುದಿನ ಬಾಗಿಲಿಗೆ ಚಿಲಕ ಹಾಕಿದಳು. ಅತ್ತೆ ಸಂಜೆಯವರೆಗೆ ಬಾಗಿಲು ಬಡಿದರು, ತುತ್ತು ಮುಟ್ಟಲಿಲ್ಲ. ಆಮೇಲೆ ಅವಳೇ ಕೈಹಿಡಿದು ಗೋದಾಮಿಗೆ ಬಿಟ್ಟುಬರತೊಡಗಿದಳು. ಕರೆತರಲು ಹೋದಾಗ ಅಲ್ಲಿಯ ಸೊಸೆಯ ಜೊತೆ ಚಹಾ, ಮಾತು. "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ. ನಮ್ಮ ಕಾಲ ಯಾವಾಗ ಬರುತ್ತೋ!" ಎಂದಳೊಮ್ಮೆ ದರ್ಜಿ. ಎರಡು ಸಲ ಬಿಡಿಸಿ ಹೇಳಿದ ಮೇಲೆ ಆ ಸೊಸೆಯೂ ಬಿದ್ದು ಬಿದ್ದು ನಕ್ಕಳು.

ಅಷ್ಟರಲ್ಲಿ ಬೀದಿಯಲ್ಲಿ ಒಂದು ಸೈಕಲ್ ಕಳುವಾಯಿತು. ಕದ್ದವರನ್ನು ಯಾರೂ ನೋಡದಿದ್ದರೂ ಗೂಬೆ ಕೂರಿಸಲು ಗೋದಾಮು ಇತ್ತಲ್ಲ. ಎಲ್ಲರೂ ಸೇರಿ, ಗೇಟಿಗೆ ಬೀಗ ಜಡಿಯುವುದೆಂದು ತೀರ್ಮಾನಿಸುವ ಹೊತ್ತಿಗೆ ದರ್ಜಿ ಎದ್ದು ನಿಂತಳು.

"ಹಾಕಿ. ನಾಳೆಯಿಂದ ನಮ್ಮತ್ತೆ ನಿಮ್ಮ ಮನೆಗಳಲ್ಲಿ ಇರ್ತಾರೆ. ಮೊದಲು ಯಾರ ಮನೆಗೆ ಕಳಿಸ್ಲಿ?"

ಅವಳು ಅಂಗಡಿಯವನತ್ತ ತಿರುಗಿದಳು. "ಅತ್ತೆ ಕಳೆದುಹೋದ ದಿನ ಗೋದಾಮಿನ ಆ ಹುಡುಗಿ ನಿಮ್ಮತ್ರ ಹೇಳೋಕೆ ಬಂದಿದ್ಲು ಅಣ್ಣ. ನೀವು ಬಾಗಿಲು ಹಾಕ್ಕೊಂಡ್ರಿ."

"ಸಾಲ ಕೇಳೋಕೆ ಬಂದಿದಾಳೆ ಅಂದ್ಕೊಂಡೆ" ಎಂದ ಅವನು, ಮುಖ ಸಣ್ಣದು ಮಾಡಿಕೊಂಡು.

ಬೀಗ ಬೀಳಲಿಲ್ಲ. ಹಾಗಂತ ಎಲ್ಲವೂ ಸರಿಹೋಯಿತೆಂದಲ್ಲ. ಸೈಕಲ್ ಕಳಕೊಂಡವನು ಇವತ್ತಿಗೂ ದರ್ಜಿಯ ಜೊತೆ ಮಾತು ಬಿಟ್ಟಿದ್ದಾನೆ, ಬಟ್ಟೆ ಬೇರೆ ಕಡೆ ಹೊಲಿಸುತ್ತಾನೆ.

ಕೆಲವು ವಾರ ಕಳೆದ ಮೇಲೆ ಅಂಗಡಿಯವನು ತನ್ನ ಅಪ್ಪನನ್ನು ಕರೆದುಕೊಂಡು ಅವಳ ಬಾಗಿಲಿಗೆ ಬಂದ. ಹೆಂಡತಿ ತೀರಿಕೊಂಡ ಮೇಲೆ ಆ ಮುದುಕ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ.

"ಗೋದಾಮಿನವರು ಇವರನ್ನೂ ಸ್ವಲ್ಪ ಹೊತ್ತು ಕೂರಿಸ್ಕೋತಾರಾ, ಕೇಳ್ತೀಯೇನಮ್ಮ?"

"ನನ್ನೇನು ಕೇಳ್ತೀರಣ್ಣ? ಮನೆ ಅವರದು. ಹೋಗಿ ಅವರನ್ನೇ ಕೇಳಿ."

ಅವನು ಒಂದು ಗಳಿಗೆ ಹಿಂದೆಮುಂದೆ ನೋಡಿದ. ಆಮೇಲೆ ಅಪ್ಪನ ಕೈ ಹಿಡಿದು ಗೇಟು ದಾಟಿದ.