ಹಿಂಡಿನ ಔಷಧ

"ಮೂವತ್ತು ಗುಳಗಿ ಕೊಟ್ಟು ಎರಡು ವಾರ ಆಗೈತಿ. ಎಲ್ಲಿ ಹೋದ್ವು?" ಆಶಾ ಕಾರ್ಯಕರ್ತೆ ಶುಭಾಂಗಿ ಖಾಲಿ ಪಾಕೀಟುಗಳನ್ನು ಮುತ್ತವ್ವಳ ಮುಖದ ಮುಂದೆ ಹಿಡಿದಳು. "ಮಾರಿದ್ರೇನು?"

ಮುತ್ತವ್ವಳಿಗೆ ಮೈಯೆಲ್ಲ ಉರಿದುಹೋಯಿತು. ಮಹಾರಾಷ್ಟ್ರದ ಸಾಂಗ್ಲಿವಾಡಿಯ ಈ ಕಬ್ಬು ಕಡಿದ ಹೊಲದಲ್ಲಿ ಕುರಿ ತರುಬಿ ಬಿಡಾರ ಹೂಡಿದಾಗಿನಿಂದ ನೋಡುತ್ತಿದ್ದಾಳೆ, ಬಂದಾಗಲೆಲ್ಲ ಈ ಹುಡುಗಿ ಮೂಗಿಗೆ ಸೆರಗು ಹಿಡಿದೇ ಮಾತಾಡುತ್ತಾಳೆ. ಗಡಿಯ ಜತ್ತದ ಕಡೆಯವಳು, ಕನ್ನಡ ಬಲ್ಲಳು. ಆದರೆ ಅದನ್ನು ಬಳಸುವುದು ಬೈಯುವುದಕ್ಕಷ್ಟೇ.

"ಮಾರಾಕ ಅದೇನು ಕುರಿಮರಿ ಐತೇನು? ತಿಂದೇವಿ. ಐದು ಮಂದಿ, ದಿನಕ್ಕ ಒಂದೊಂದು. ಆರು ದಿನಕ್ಕ ಮುಗದ್ವು."

"ಬೀಪಿ ಇರೋದು ಜ್ಯೋತೆಪ್ಪ ಕಾಕಾಗ ಒಬ್ಬರಿಗೆ!"

"ಒಂದು ಕುರಿ ಕೆಮ್ಮಿದ್ರ ಹಿಂಡಿಗೆಲ್ಲ ಔಷಧ ಕುಡಸ್ತೇವಿ."

"ನೀವೇನು ಕುರಿ ಏನ್ರಿ?"

ಮುತ್ತವ್ವಳ ಗಂಡ ಜ್ಯೋತೆಪ್ಪ ಕೋಲೂರಿ ಎದ್ದ. "ಏ ಹುಡುಗಿ, ನಿನ್ನ ಗುಳಗಿ ನೀನ ಇಟ್ಕೋ. ನಡಿ ಇಲ್ಲಿಂದ." ಅಂದವನೇ ಕಣ್ಣು ಕತ್ತಲೆಗಟ್ಟಿ ಕುಸಿದು ಕುಳಿತ. ಶುಭಾಂಗಿ ಓಡಿಬಂದು ಅವನ ತೋಳಿಗೆ ಬೀಪಿ ಯಂತ್ರದ ಪಟ್ಟಿ ಸುತ್ತಿದಳು. ನೂರಾ ತೊಂಬತ್ತು.

"ಹಿಂಗ ತಪ್ಪಿಸಿದ್ರ ಒಂದಿನ ಎದಿ ನಿಂತ್ಹೋಗತೈತಿ, ಚಿಕ್ಕವ್ವ."

ಮುತ್ತವ್ವ ಗಂಡನ ಬೆನ್ನಿಗೆ ಕೈ ಆನಿಸಿ ಕುಳಿತಳು. ಗಂಡನ ಪಾಲನ್ನು ಊರಿಗೆ ಹಂಚಿದಂತೆ ಹಂಚಿದವಳು ತಾನೇ. ಆದರೆ ಇವಳ ಮುಂದೆ ಸೋಲುವುದೆಂದರೆ ಸಾವೇ.

"ನೀವೂ ಕೈ ಚಾಚ್ರಿ," ಅಂದಳು ಶುಭಾಂಗಿ.

"ನನಗೇನಾಗೈತಿ?"

"ಚಾಚ್ರಿ ಅಂದೆ."

ಯಂತ್ರ ಗುರುಗುಟ್ಟಿತು. ಶುಭಾಂಗಿ ಅಂಕಿ ನೋಡಿ ಇನ್ನೊಮ್ಮೆ ಅಳೆದಳು. ಇನ್ನೂರಾ ಹತ್ತು, ಗಂಡನಿಗಿಂತ ಹೆಚ್ಚು.

"ಆರೋಗ್ಯ ಶಿಬಿರದ ದಿನ ಡಾಕ್ಟರು ಇಲ್ಲೇ ಬಂದು ಎಲ್ಲಾರನೂ ತಪಾಸ ಮಾಡಿದ್ರಲ್ಲ! ನೀವೆಲ್ಲಿ ಹೋಗಿದ್ರಿ?"

"ನಿಮ್ಮ ಡಾಕ್ಟರಗ ಚಾ ಮಾಡಾಕತ್ತಿದ್ದೆ. ಕುಡದು ಹೋದ್ರು. ನಿನ್ನ ಕೈ ತಾ ಅಂತ ಒಬ್ಬರೂ ಅನಲಿಲ್ಲ."

ಆ ಚಹಾ ಶುಭಾಂಗಿಯೂ ಕುಡಿದಿದ್ದಳು.

ಅಂದೇ ಇಬ್ಬರನ್ನೂ ಬಸ್ಸಿನಲ್ಲಿ ಮಿರಜಿನ ದವಾಖಾನೆಗೆ ಕರೆದೊಯ್ದಳು. ಸಂಜೆ ಇಬ್ಬರ ಹೆಸರಿಗೂ ಬೇರೆ ಬೇರೆ ಪಾಕೀಟು ಬಂದವು.

ಔಷಧ ಕುಡಿದ ಕುರಿ ಯಾವುದು, ಉಳಿದದ್ದು ಯಾವುದು ಎಂದು ತಿಳಿಯಲು ಬೆನ್ನಿಗೆ ಕೆಂಪು ಬಣ್ಣ ಹಚ್ಚುವುದು ಕುರುಬರ ರೂಢಿ. ಮರುದಿನ ಬೆಳಿಗ್ಗೆ ಮುತ್ತವ್ವ ಗಂಡನಿಗೆ ಗುಳಿಗೆ ನುಂಗಿಸಿ, ಆ ಬಣ್ಣದ ಡಬ್ಬಿ ತೆರೆದು ಅವನ ತೋಳಿಗೆ ಒಂದು ಗೆರೆ ಎಳೆದಳು. "ಕುರಿ ಅಂದ್ಲಲ್ಲ, ಕುರೀನ ಆಗೂಣು." ಜ್ಯೋತೆಪ್ಪ ಗೊಣಗುತ್ತಲೇ ಅವಳ ತೋಳಿಗೂ ಎಳೆದ. ಗುಳಿಗೆಗೆ ಕೈಯೊಡ್ಡಿದ ಮೈದುನನನ್ನು ಅವಳು ಬೈದು ಅಟ್ಟಿದಳು.

ಏಳು ದಿನ ಕಳೆದು ಶುಭಾಂಗಿ ಬಂದಾಗ ಇಬ್ಬರ ತೋಳಿನಲ್ಲೂ ಏಳೇಳು ಗೆರೆ. ಅವಳು ಒಂದೊಂದಾಗಿ ನೋಡಿದಳು.

"ಎಣಿಸಿಕೋ," ಅಂದಳು ಮುತ್ತವ್ವ. "ಮತ್ತ ಮಾರಿದ್ರೇನು ಅಂದೀ."

ಶುಭಾಂಗಿ ಜ್ಯೋತೆಪ್ಪನ ಗೆರೆಗಳ ಮೇಲೆಯೇ ಪಟ್ಟಿ ಸುತ್ತಿದಳು. ಬಿಚ್ಚಿದಾಗ ಅದರ ಒಳಗೆಲ್ಲ ಕೆಂಪು ಹತ್ತಿತ್ತು. ಅವಳು ಅದನ್ನು ಒರೆಸಲಿಲ್ಲ. ಹಾಗೆಯೇ ತಂದು ಮುತ್ತವ್ವಳ ತೋಳಿಗೆ ಸುತ್ತಿದಳು.